ಕಾಫಿಗೆ ಹೋಗುವ ದಾರಿ

ನನ್ನ ಗಂಡನಿಗೆ ಬೆಳಗಿನ ಎರಡನೇ ಕಾಫಿ ಹೊರಗೇ ಆಗಬೇಕು. ಮೊದಲನೆಯದು ನನ್ನ ಕೈಯದು, ಅದಕ್ಕೆ ತಕರಾರಿಲ್ಲ. ಎರಡನೆಯದನ್ನು ಮಾತ್ರ ಯಾವುದಾದರೂ ದರ್ಶಿನಿಯ ಮುಂದೆ ಲೋಟ ಹಿಡಿದು, ನಿಂತುಕೊಂಡೇ, ಒಬ್ಬರೇ ಕುಡಿಯಬೇಕು. ಮದುವೆಯಾದ ಹೊಸದರಲ್ಲಿ ಇದು ನನಗೆ ದೊಡ್ಡ ಅವಮಾನ ಅನಿಸಿತ್ತು. "ನನ್ನ ಕಾಫಿ ಅಷ್ಟು ಕೆಟ್ಟದಾಗಿರುತ್ತಾ?" ಎಂದು ಮುಖ ಊದಿಸಿಕೊಂಡಿದ್ದೆ. "ಕಾಫಿ ವಿಷಯ ಅಲ್ಲ ಕಣೇ," ಎಂದಿದ್ದರು. ಮತ್ತೆ ಯಾವ ವಿಷಯ ಎಂದು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು, ದಿನವಿಡೀ ಮಾತಾಡಬೇಕಲ್ಲ ಎಂದು, ಅದಕ್ಕೆ ಮೊದಲು ಆ ಹತ್ತು ನಿಮಿಷ ಸುಮ್ಮನಿರಲು ಹೋಗುತ್ತಾರೆ ಎಂದು ನಾನೇ ಅರ್ಥ ಮಾಡಿಕೊಂಡೆ.

ಈಗಿನ ಮನೆಗೆ ಬರುವ ಮೊದಲು ನಮ್ಮ ಮನೆ ಕೆಂಗೇರಿ ದಾಟಿ ಇನ್ನೂ ಆಚೆ ಇರುವ ಒಂದು ಅಪಾರ್ಟ್‌ಮೆಂಟಿನಲ್ಲಿತ್ತು. ಗಾಳಿ, ಬೆಳಕು, ಲಿಫ್ಟು ಎಲ್ಲ ಇತ್ತು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕೆಂದರೆ ಮಾತ್ರ ಕಾರು ತೆಗೆಯಬೇಕಿತ್ತು. ಕಾಫಿಗೂ ಕಾರು. ಒಂದು ಲೋಟ ಕಾಫಿಗೆ ಅಷ್ಟು ದೂರ ಪೆಟ್ರೋಲು ಸುಡುವ ಮನುಷ್ಯನನ್ನು ಕಂಡು ಅಕ್ಕಪಕ್ಕದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆಮೇಲೆ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಎದುರಿಗಿರುವುದು ಕಾಣುತ್ತದೆ, ಪೇಪರು ಓದಬಹುದು, ಟೀವಿ ನೋಡಬಹುದು. ಅಕ್ಕಪಕ್ಕದ್ದು, ಕಾಲಬುಡದ್ದು ಕಾಣುವುದಿಲ್ಲ. ಹೋದ ನೋಟ ಹೋಯಿತು, ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು. "ಇವತ್ತಿನಿಂದ ಡ್ರೈವಿಂಗ್ ಬೇಡ ಸಾರ್," ಎಂದರು ಡಾಕ್ಟರು. ಇವರು ಜೇಬಿನಿಂದ ಕಾರಿನ ಕೀ ತೆಗೆದು ನನ್ನ ಕೈಗೆ ಕೊಟ್ಟರು. ನನಗೋ ಸೈಕಲ್ಲೂ ಬರುವುದಿಲ್ಲ. ಕಾರು ಮಾರಿದೆವು.

ಕೆಲವು ವಾರ ಬಾಲ್ಕನಿಯಲ್ಲಿ ಕೂತರು. ನಾನು ಆಟೋ ಕರೆಸಿ ಕಾಫಿಗೆ ಕರೆದುಕೊಂಡು ಹೋದರೆ ಲೋಟದ ಕಡೆ ನೋಡದೆ ನನ್ನ ಕಡೆಯೇ ನೋಡುತ್ತಿದ್ದರು, ನನಗೆ ಕಾಲು ನೋಯುತ್ತಿದೆಯೇನೋ ಎಂದು. ಒಂದು ದಿನ ತಿಂಡಿ ತಿನ್ನುತ್ತಾ, "ನನ್ನನ್ನ ಕರ್ಕೊಂಡು ಹೋಗೋದು ಬೇಡ ಕಣೇ. ನಾನೊಬ್ನೇ ನಡ್ಕೊಂಡು ಹೋಗೋ ಹಾಗಿರೋ ಕಡೆ ಮನೆ ಮಾಡೋಣ," ಎಂದರು. ಜೀವಮಾನದಲ್ಲಿ ಇವರು ನನ್ನಿಂದ ಏನನ್ನೂ ಕೇಳಿದವರಲ್ಲ. ಕೇಳಿದ್ದು ಇದೊಂದೇ.

ಸರಿ, ಬ್ರೋಕರ್ ಒಬ್ಬರನ್ನು ಹಿಡಿದೆವು. ಅವರ ಬಾಯಲ್ಲಿ ಒಂದೇ ಮಾತು: "ಎಲ್ಲಾ ವಾಕಬಲ್ ಡಿಸ್ಟೆನ್ಸ್ ಮೇಡಂ." ಆಸ್ಪತ್ರೆ ವಾಕಬಲ್, ಮೆಟ್ರೋ ವಾಕಬಲ್, ದೇವಸ್ಥಾನ ವಾಕಬಲ್. ಈ ಪುಣ್ಯಾತ್ಮ ಮಾತ್ರ ಬೈಕಿನಿಂದ ಕಾಲು ಕೆಳಗಿಟ್ಟಿದ್ದನ್ನು ನಾನು ನೋಡಲಿಲ್ಲ. ಅವರು ಬೈಕಿನಲ್ಲಿ ಮುಂದೆ, ನಾವು ಆಟೋದಲ್ಲಿ ಹಿಂದೆ.

ಲಗ್ಗೆರೆಯಲ್ಲಿ ನಿಜವಾಗಲೂ ಎಲ್ಲವೂ ಕೂಗಳತೆಯಲ್ಲಿತ್ತು. ಫ್ಯಾಕ್ಟರಿ ಬಿಟ್ಟು ಬರುವವರ ದಂಡು, ತರಕಾರಿ ಗಾಡಿ, ಮಿರ್ಚಿ ಗಾಡಿ, ಬೀದಿಯ ತುಂಬ ಜನ. ಇವರಿಗೆ ಊರು ನೆನಪಾಗಿ ಮುಖ ಅರಳಿತು. ಇವರದು ಚಿತ್ರದುರ್ಗದ ಕಡೆ, ಸಂಜೆ ಮಂಡಕ್ಕಿ, ಮಿರ್ಚಿ ಕಂಡರೆ ಸಾಕು. ಕಣ್ಣು ನೆಟ್ಟಗಿದ್ದಿದ್ದರೆ ಅಲ್ಲೇ ಉಳಿಯುತ್ತಿದ್ದೆವು. ಆದರೆ ಅಷ್ಟು ಇಕ್ಕಟ್ಟಿನಲ್ಲಿ ಎಡದಿಂದ ಬಲದಿಂದ ಸ್ಕೂಟರು ನುಗ್ಗುವಾಗ ಇವರು ನನ್ನ ಬ್ಯಾಗಿನ ಹಿಡಿಕೆ ಹಿಡಿದುಕೊಂಡರು, ಬಿಡಲಿಲ್ಲ.

ಚಂದ್ರಾ ಲೇಔಟಿನಲ್ಲಿ ಮನೆಗಳು ಚೆಂದ, ಮರಗಳು ಚೆಂದ. ಆದರೆ ಪ್ರತಿ ಗೇಟಿನ ಮುಂದೂ ಕಾರು ಹತ್ತಿಸಲು ಸಿಮೆಂಟಿನ ಇಳಿಜಾರು. ಫುಟ್‌ಪಾತ್ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಮಧ್ಯದಲ್ಲಿ ಯಾರದೋ ದಾಸವಾಳದ ಗಿಡ, ಅದಕ್ಕೊಂದು ಕಬ್ಬಿಣದ ಬೇಲಿ. "ಇದಕ್ಕಿಂತ ನಂದಿ ಬೆಟ್ಟಕ್ಕೇ ಹೋಗಬಹುದಿತ್ತಲ್ಲೇ," ಎಂದರು. ಎರಡು ಸಲ ಎಡವಿದರು.

ರಾಜಾಜಿನಗರದ ಒಂದು ಮುಖ್ಯರಸ್ತೆಯಲ್ಲಿ ಅಗಲವಾದ ಹೊಸ ಫುಟ್‌ಪಾತ್, ಅದರ ಮೇಲೆ ಕಣ್ಣು ಕಾಣದವರಿಗೆಂದು ಹಾಕಿದ ಉಬ್ಬುಗೆರೆಯ ಹಳದಿ ಟೈಲ್ಸ್. ಸದ್ಯ, ಸಿಕ್ಕಿತು ಎಂದುಕೊಂಡೆ. ಇವರು ಹಳದಿ ಗೆರೆ ಹಿಡಿದು ಹೊರಟರು. ಗೆರೆ ಸೀದಾ ಹೋಗಿ ಒಂದು ಟ್ರಾನ್ಸ್‌ಫಾರ್ಮರಿನ ಕಂಬಕ್ಕೆ ಮುಟ್ಟಿತ್ತು. "ಯಮಧರ್ಮರಾಯರ ಆಫೀಸಿಗೆ ಡೈರೆಕ್ಟ್ ಲೈನು," ಎಂದು ನಕ್ಕರು. ನನಗೆ ನಗು ಬರಲಿಲ್ಲ, ಮೈ ಉರಿಯಿತು.

ಇನ್ನೊಂದು ಮನೆ ನೋಡಲು ಹೊರಟಾಗ ಆಟೋದಲ್ಲಿ ಇದ್ದಕ್ಕಿದ್ದಂತೆ ಇವರೇ ಹೇಳಿದರು: "ಅಲ್ಲ ಕಣೇ, ನಡೆಯೋ ಜಾಗ ಹುಡುಕೋಕೆ ಆಟೋದಲ್ಲಿ ಸುತ್ತುತಾ ಇದೀವಲ್ಲ, ನಮಗೇನಾದ್ರೂ ಬುದ್ಧಿ ಇದ್ಯಾ?" ಆಟೋದವರು ಕನ್ನಡಿಯಲ್ಲಿ ನೋಡಿ ನಕ್ಕರು. ನನಗೆ ರೇಗಿತು, ಆದರೆ ಮಾತು ಸರಿಯಾಗಿತ್ತು. "ಇಲ್ಲೇ ನಿಲ್ಲಿಸಿ ಅಣ್ಣ," ಎಂದು ಬಸವೇಶ್ವರನಗರದಲ್ಲೇ ಇಳಿದುಬಿಟ್ಟೆವು. ಬ್ರೋಕರ್ ಬೈಕು ಮುಂದೆ ಎಲ್ಲೋ ಹೋಗಿತ್ತು, ಹೋಗಲಿ ಎಂದು ಬಿಟ್ಟೆ.

ಹೀಗೆ ಕಾಲ್ನಡಿಗೆಯಲ್ಲಿ ಸುತ್ತುತ್ತಾ ಒಂದು ಹಳೇ ಬೀದಿ ಸಿಕ್ಕಿತು. ಕಿರಿದಾದ ಸೈಟುಗಳು, ಯಾರ ಮನೆಯಲ್ಲೂ ಕಾರಿಲ್ಲದ ಕಾಲದಲ್ಲಿ ಕಟ್ಟಿದ ಮನೆಗಳು. ಕಾರು ನಿಲ್ಲಿಸಲು ಜಾಗವೇ ಇಲ್ಲದ್ದರಿಂದ ಗೇಟಿನ ಮುಂದೆ ಇಳಿಜಾರೂ ಇಲ್ಲ. ಕಾಂಪೌಂಡಿಗೆ ಅಂಟಿಕೊಂಡಂತೆ ಚರಂಡಿ, ಚರಂಡಿಯ ಮೇಲೆ ಕಲ್ಲು ಚಪ್ಪಡಿಗಳು, ಆ ತುದಿಯಿಂದ ಈ ತುದಿಯವರೆಗೆ ಒಂದೇ ಮಟ್ಟ. ತುದಿಯಲ್ಲಿ ತಿರುಗಿದರೆ ದರ್ಶಿನಿ. ರಸ್ತೆ ದಾಟುವ ರಗಳೆಯೇ ಇಲ್ಲ. ಬೀದಿಯ ಮಧ್ಯದ ಮನೆಯೊಂದಕ್ಕೆ ಟು-ಲೆಟ್ ಬೋರ್ಡು ತೂಗುತ್ತಿತ್ತು.

ಮಹಡಿಯಲ್ಲಿದ್ದ ಮಾಲೀಕರು ಯಾವ ಕಡೆಯವರು, ಎಷ್ಟು ಜನ ಎಂದೆಲ್ಲ ವಿಚಾರಿಸಿ, "ಕಾರಿದ್ಯಾ? ಇದ್ರೆ ಮಾತ್ರ ಆಗಲ್ಲಮ್ಮ," ಎಂದರು. ಇಲ್ಲ ಎಂದೆ. "ಒಳ್ಳೇದಾಯ್ತು ಬಿಡಿ," ಎಂದರು. ಕಾರಿಲ್ಲ ಎಂದಿದ್ದಕ್ಕೆ ನಮ್ಮನ್ನು ಮೆಚ್ಚಿಕೊಂಡವರು ಅವರೊಬ್ಬರೇ.

ಆದರೂ ಪರೀಕ್ಷೆ ಮಾಡದೆ ಬಿಡಬಾರದಲ್ಲ. ಮಾರನೇ ದಿನ ಸಂಜೆ ಮತ್ತೆ ಬಂದೆವು. ನಾನು ಗೇಟಿನ ಹತ್ತಿರ ನಿಂತೆ. ಇವರು ಎಡಗೈಯನ್ನು ಕಾಂಪೌಂಡಿಗೆ ತಾಗಿಸಿಕೊಂಡು, ಚಪ್ಪಡಿ ಸಾಲಿನ ಮೇಲೆ ಒಬ್ಬರೇ ಹೋದರು, ಕಾಫಿ ಕುಡಿದರು, ಬಂದರು. ಎಲ್ಲೂ ಎಡವಲಿಲ್ಲ. ಅವರ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಗೆಲುವು ಕಂಡಿತು. ಆ ತಿಂಗಳೇ ಹಾಲು ಉಕ್ಕಿಸಿ ಮನೆ ಸೇರಿದೆವು.

ಮನೆ ಸೇರಿದ ಮಾರನೇ ದಿನ ಬೆಳಗ್ಗೆ ಕಾಫಿಗೆ ಹೋದವರು ಮೊಣಕೈ ತರಚಿಕೊಂಡು ಬಂದರು. ಜೊತೆಯಲ್ಲಿ ಆಫೀಸಿಗೆ ಹೊರಟಿದ್ದ ಸ್ಕೂಟರಿನವರೊಬ್ಬರು. ನಾನು ಹಿಂದೆ ಮುಂದೆ ನೋಡದೆ ಅವರನ್ನು ಝಾಡಿಸಿಬಿಟ್ಟೆ. ಪಾಪ, ಅವರು ತಲೆ ತಗ್ಗಿಸಿ, "ಸಡನ್ನಾಗಿ ರೋಡ್ ಮಧ್ಯಕ್ಕೆ ಬಂದ್ಬಿಟ್ರು ಮೇಡಂ. ಬ್ರೇಕ್ ಹಿಡ್ದೆ, ಆದ್ರೂ ತಾಗ್ತು," ಎಂದರು.

ಚಪ್ಪಡಿ ಇರುವಾಗ ರಸ್ತೆ ಮಧ್ಯಕ್ಕೆ ಯಾಕೆ ಹೋದರು? ಕೇಳಿದರೆ ಸರಿಯಾಗಿ ಹೇಳಲಿಲ್ಲ. ಮಾರನೇ ಬೆಳಗ್ಗೆ ಹಿಂದೆಯೇ ಹೋದೆ. ಮೊದಲನೇ ಗೇಟಿನವರೆಗೆ ಸರಿಯಾಗಿ ಹೋದರು. ಅಲ್ಲಿ ನಿಂತು, ಕತ್ತು ಪೂರ್ತಿ ಬಗ್ಗಿಸಿ ನೋಡಿ, ಚಪ್ಪಡಿ ಬಿಟ್ಟು ರಸ್ತೆಗೆ ಇಳಿದು, ದೊಡ್ಡ ಸುತ್ತು ಹಾಕಿ ಮತ್ತೆ ಹತ್ತಿದರು. ಎರಡನೇ ಗೇಟಿನಲ್ಲೂ ಅದೇ. ಓಡಿಹೋಗಿ ತೋಳು ಹಿಡಿದೆ.

"ರೀ, ಯಾಕ್ರೀ ಕೆಳಗಿಳೀತೀರಾ?"

"ರಂಗೋಲಿ ಇದೆ."

"ಇದ್ರೆ?"

"ತುಳಿಯೋದಾ? ನಮ್ಮವ್ವ ಇದ್ದಿದ್ರೆ ಕಾಲು ಮುರೀತಿದ್ಲು."

ಇಳಿಜಾರು ನೋಡಿದ್ದೆವು, ಕಂಬ ನೋಡಿದ್ದೆವು, ಬೀದಿನಾಯಿ ಎಷ್ಟಿವೆ ಎಂದು ಕೂಡ ನೋಡಿದ್ದೆವು. ಪರೀಕ್ಷೆ ಮಾಡಿದ್ದು ಸಂಜೆ. ಸಂಜೆಯ ಹೊತ್ತಿಗೆ ಬೀದಿಯ ರಂಗೋಲಿಯೆಲ್ಲ ಅಳಿಸಿಹೋಗಿರುತ್ತದೆ. ಬೆಳಗ್ಗೆ ಪ್ರತಿ ಗೇಟಿನ ಮುಂದೂ ಚಪ್ಪಡಿ ತೊಳೆದು, ಅದರ ಮೇಲೇ ಹೊಸದು ಹಾಕಿರುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ದಿನಾ ಬೆಳಗ್ಗೆ ನಾನೇ ಹಾಕುತ್ತೇನೆ, ಆದರೂ ತಲೆಗೆ ಹೊಳೆದಿರಲಿಲ್ಲ. ಇವರಿಗೆ ಕತ್ತು ಬಗ್ಗಿಸಿ ನೋಡಿದರೂ ಬೆಳ್ಳಗೆ ಒಂದು ತುಂಡಷ್ಟೇ ಕಾಣುತ್ತದೆ, ಅದರ ಅಂಚು ಎಲ್ಲಿ ಎಂದು ಕಾಣುವುದಿಲ್ಲ. ಅದಕ್ಕೇ ಅಷ್ಟು ದೊಡ್ಡ ಸುತ್ತು.

ತುಳಿಯಿರಿ, ಏನೂ ಆಗಲ್ಲ ಎಂದೆ. ತುಳಿಯಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋದೆ. ಅರ್ಧ ಲೋಟ ಬಿಟ್ಟು ಬಂದರು. ಮಾರನೇ ದಿನ ಹೊರಡುವ ಹೊತ್ತಿಗೆ ಕುರ್ಚಿಯಿಂದ ಏಳಲಿಲ್ಲ. "ಮನೇಲೇ ಇನ್ನೊಂದು ಲೋಟ ಮಾಡು. ನಿನ್ನ ಕಾಫಿನೇ ಚೆನ್ನಾಗಿರುತ್ತೆ," ಎಂದರು. ಮದುವೆಯಾದ ಹೊಸದರಲ್ಲಿ ಈ ಒಂದು ಮಾತಿಗೆ ನಾನು ಎಷ್ಟು ಕಾದಿದ್ದೆನೋ. ಈಗ ಕೇಳಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ತಿಂಗಳ ಮೇಲೆ ಹೀಗೇ ಹೋಯಿತು. ಸಂಕ್ರಾಂತಿಯ ಹಿಂದಿನ ದಿನ ಗಾಡಿಯ ಹತ್ತಿರ ಕಬ್ಬು, ಅವರೆಕಾಯಿ ಆರಿಸುತ್ತಿದ್ದಾಗ ಪಕ್ಕದ ಮನೆಯವರು ಸಿಕ್ಕಿದರು. ನನಗಿಂತ ಸ್ವಲ್ಪ ಹಿರಿಯರು, ಬೀದಿಯ ಹೆಂಗಸರೆಲ್ಲ ಅವರ ಮಾತು ಕೇಳುತ್ತಾರೆ. "ಸಾರ್ ಯಾಕೆ ಕಾಣಿಸ್ತಾನೇ ಇಲ್ಲ? ಹುಷಾರಿಲ್ವಾ?" ಎಂದರು.

ನನಗೆ ತಡೆಯಲಾಗಲಿಲ್ಲ. "ಹುಷಾರಾಗೇ ಇದಾರೆ. ನಿಮ್ಮೆಲ್ಲರ ರಂಗೋಲಿಯಿಂದ ಮನೆ ಬಿಟ್ಟು ಹೊರಗೆ ಬರೋ ಹಾಗಿಲ್ಲ," ಎಂದು ಇದ್ದದ್ದೆಲ್ಲ ಹೇಳಿಬಿಟ್ಟೆ.

"ಅಯ್ಯೋ, ತುಳ್ಕೊಂಡೇ ಹೋಗ್ಲಿ ಬಿಡಿ, ಯಾರೇನಂತಾರೆ?"

"ತುಳಿಯಲ್ಲ ಅಂತಾರೆ. ನೀವೇ ಚಪ್ಪಡಿ ಬಿಟ್ಟು ಈಚೆ ರಸ್ತೆಗೆ ಹಾಕಬಹುದಲ್ವಾ?"

ಅವರ ಮುಖ ಸಣ್ಣಗಾಯಿತು. "ಗೇಟ್ ಮುಂದೆ ಬೋಳು ಬಿಡೋಕಾಗತ್ತೇನ್ರೀ? ಸಾವಾದ ಮನೆ ಥರ ಕಾಣತ್ತೆ. ಅದೂ ನಾಳೆ ಹಬ್ಬ," ಎಂದವರೇ ಕಬ್ಬು ಎತ್ತಿಕೊಂಡು ಒಳಗೆ ಹೋದರು.

ಹೊಸದಾಗಿ ಬಂದವಳು ನಾನು, ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಎಂದು ನನ್ನನ್ನೇ ಬೈದುಕೊಂಡೆ. ಹಾಗೆಂದು ಅವರು ಹೇಳಿದ್ದೂ ಸುಳ್ಳಲ್ಲ. ಬೆಳಗ್ಗೆ ಬಾಗಿಲ ಮುಂದೆ ಬರಿ ನೆಲ ಕಂಡರೆ ನನಗೂ ಎದೆ ಧಸಕ್ಕೆನ್ನುತ್ತದೆ.

ಹಬ್ಬದ ಬೆಳಗ್ಗೆ ಬಕೆಟ್ಟು, ರಂಗೋಲಿ ಡಬ್ಬಿ ಹಿಡಿದು ಗೇಟು ತೆಗೆದೆ. ಬೀದಿಯಲ್ಲಿ ಆಗಲೇ ಹೆಂಗಸರು ಸೊಂಟ ಬಗ್ಗಿಸಿ ನಿಂತಿದ್ದರು. ಕಬ್ಬಿನ ಜಲ್ಲೆ, ಉಕ್ಕುವ ಮಡಕೆ, ಬಣ್ಣ ತುಂಬಿದ ಹಸು ಎಲ್ಲವೂ ರಸ್ತೆಯ ಅರ್ಧದವರೆಗೆ ಹರಡಿತ್ತು. ಆದರೆ ಒಂದೂ ಚಪ್ಪಡಿಯ ಮೇಲಿರಲಿಲ್ಲ. ನಮ್ಮ ಕಡೆಯ ಸಾಲಿನಲ್ಲಿ ತುದಿಯವರೆಗೂ ತೊಳೆದ ಕಲ್ಲು ಬರಿದಾಗಿ, ಒದ್ದೆಯಾಗಿ ಬಿದ್ದಿತ್ತು. ಪಕ್ಕದ ಮನೆಯವರು ತಲೆ ಎತ್ತದೆ, "ನಿಮ್ದೂ ಕಲ್ಲು ಬಿಟ್ಟೇ ಹಾಕಿ," ಎಂದರು.

"ಸಾವಾದ ಮನೆ ಥರ ಕಾಣತ್ತೆ ಅಂದ್ರಲ್ಲ?"

"ಕಂಡ್ರೆ ಕಾಣ್ಲಿ ಬಿಡ್ರೀ. ಈಗ ಸುಮ್ನೆ ಚುಕ್ಕಿ ಇಡಿ, ಬಿಸಿಲು ಬರತ್ತೆ."

ನಮ್ಮದನ್ನೂ ಕಲ್ಲು ಬಿಟ್ಟೇ ಹಾಕಿದೆ. ಒಳಗೆ ಬಂದು, "ಕಾಫಿಗೆ ಹೋಗಿ ಬನ್ನಿ," ಎಂದೆ.

"ಹಬ್ಬದ ದಿನಾನಾ? ಇವತ್ತು ಕಾಲಿಡೋಕೂ ಜಾಗ ಇರಲ್ಲ."

"ಹೋಗ್ರೀ ಅಂದ್ರೆ ಹೋಗಿ. ಕಾಂಪೌಂಡ್ ಹಿಡ್ಕೊಂಡು ನೆಟ್ಟಗೆ ಹೋಗಿ, ಅಷ್ಟೇ."

ಗೊಣಗುತ್ತಾ ಚಪ್ಪಲಿ ಮೆಟ್ಟಿಕೊಂಡರು. ಮೊದಲನೇ ಗೇಟಿನ ಹತ್ತಿರ ನಿಂತರು, ಕತ್ತು ಬಗ್ಗಿಸಿದರು, ಮುಂದೆ ಹೋದರು. ಎರಡನೆಯದರಲ್ಲೂ ಹಾಗೇ. ಆಮೇಲೆ ನಿಲ್ಲಲೇ ಇಲ್ಲ. ಹೆಂಗಸರೆಲ್ಲ ಚುಕ್ಕಿ ಇಡುತ್ತಲೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಇವರು ತಿರುವಿನಲ್ಲಿ ಮರೆಯಾದರು. ಸ್ವಲ್ಪ ಹೊತ್ತಿಗೆ ಅದೇ ತಿರುವಿನಲ್ಲಿ ಕಂಡರು, ಕೈ ಬೀಸಿಕೊಂಡು ಬರುತ್ತಿದ್ದರು.

ಗೇಟಿನ ಹತ್ತಿರ ಬಂದು ದನಿ ತಗ್ಗಿಸಿದರು. "ಅಲ್ಲ ಕಣೇ, ಹಬ್ಬದ ದಿನ ಒಂದು ಮನೆ ಮುಂದೂ ರಂಗೋಲಿ ಇಲ್ಲ. ಬೀದೀಲಿ ಯಾರಾದ್ರೂ ತೀರ್ಕೊಂಡ್ರಾ?"

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಇವರ ಗಲ್ಲ ಹಿಡಿದು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿದೆ. ಮೊದಲು ಹಸು ಕಂಡಿತು. ಆಮೇಲೆ ಅವರೇ ನಿಧಾನವಾಗಿ ತಲೆ ಹೊರಳಿಸುತ್ತಾ ಮಡಕೆ, ಕಬ್ಬು, ಮುಂದಿನ ಮನೆಯದು, ಅದರಾಚೆಯದು ಎಂದು ನೋಡುತ್ತಾ ಹೋದರು. ಕೊನೆಗೆ ಕತ್ತು ಬಗ್ಗಿಸಿ ತಮ್ಮ ಕಾಲ ಕೆಳಗಿನ ಬರಿ ಕಲ್ಲನ್ನು ನೋಡಿದರು.

ಪೂಜೆಯಾದ ಮೇಲೆ ಬೀದಿಗೆಲ್ಲ ಎಳ್ಳು ಬೀರಲು ನಾನು ಸೀರೆ ಉಟ್ಟು, ಎಳ್ಳು, ಬೆಲ್ಲ, ಕಬ್ಬಿನ ತುಂಡು ಜೋಡಿಸಿದ ತಟ್ಟೆ ಎತ್ತಿಕೊಂಡೆ. ಇವರು ಬಂದು ತಟ್ಟೆಗೆ ಕೈ ಹಾಕಿದರು.

"ಕೊಡೇ ಇಲ್ಲಿ, ನಾನು ಹೋಗ್ತೀನಿ."

"ಗಂಡಸ್ರು ಎಳ್ಳು ಬೀರ್ತಾರೇನ್ರೀ? ನಗ್ತಾರೆ ಅಷ್ಟೇ."

"ನಗ್ಲಿ ಬಿಡೇ."

ಬಿಟ್ಟುಕೊಟ್ಟೆ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದದ್ದರಿಂದ ಕಾಂಪೌಂಡು ಮುಟ್ಟಲು ಕೈ ಬಿಡುವಿರಲಿಲ್ಲ. ಆದರೂ ಚಪ್ಪಡಿ ಸಾಲಿನ ಮೇಲೆ ನೆಟ್ಟಗೆ ಹೋಗಿ ಪಕ್ಕದ ಮನೆಯ ಗೇಟಿನ ಮುಂದೆ ನಿಂತು, "ಅಮ್ಮಾ, ಎಳ್ಳು ತಗೊಳ್ಳಿ," ಎಂದು ಕ್ಲಾಸಿನಲ್ಲಿ ಕೂಗುವ ದನಿಯಲ್ಲಿ ಕೂಗಿದರು. ನಾನು ನಮ್ಮ ಗೇಟಿನಲ್ಲೇ ನಿಂತೆ, ಹಿಂದೆ ಹೋಗಲಿಲ್ಲ.