ಗೆರೆ ಓದಲು ಕಲಿತ ಮೇಸ್ತ್ರಿ

ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಮೋಟಾರು ರಿಪೇರಿ ಅವನ ಕಸುಬು. ಓಡುತ್ತಿರುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಗೆ ಕಿವಿ ಹಚ್ಚಿ, ಬಿಚ್ಚುವ ಮೊದಲೇ ದೋಷ ಹೇಳಿಬಿಡುತ್ತಿದ್ದ.

ಐವತ್ತೆರಡನೇ ವಯಸ್ಸಿನಲ್ಲಿ ಬಂದ ಜ್ವರ ಮೂರು ವಾರ ಕಾಡಿ, ಹೋಗುವಾಗ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಅಂಗಡಿಗೆ ಬೀಗ ಬಿತ್ತು. ಮನೆಯ ಫ್ಯಾನು ನಿಂತರೂ ಅವನು ತಲೆ ಎತ್ತಿ ನೋಡುತ್ತಿರಲಿಲ್ಲ.

ಮಗಳು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಒಂದು ಭಾನುವಾರ ಮೀಟರ್ ಬೋರ್ಡು ಬಿಚ್ಚಿ, ಒಂದೊಂದು ತಂತಿಗೂ ಬಳೆಯಂಥ ಒಂದು ಸಾಧನ ತೊಡಿಸಿ, ಮನೆಯ ಹಳೆಯ ಕಂಪ್ಯೂಟರಿಗೆ ಜೋಡಿಸಿದಳು. ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಹರಿಯತೊಡಗಿದವು. ಸ್ಲೇಟಿನಲ್ಲಿ ಬರೆದು ತೋರಿಸಿದಳು: "ಅಪ್ಪಾ, ಯಾವುದು ಎಷ್ಟು ಕರೆಂಟು ಎಳೀತಿದೆ ಅಂತ ಇಲ್ಲಿ ಕಾಣತ್ತೆ."

"ನನಗ್ಯಾಕೆ ಇದೆಲ್ಲ?" ಎಂದು ಅವನು ಮುಖ ತಿರುಗಿಸಿದ.

ಹೆಂಡತಿ ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿದಳು. ಹಸಿರು ಗೆರೆಯೊಂದು ಚಂಗನೆ ನೆಗೆದು, ನಡುಗುತ್ತಾ ನಿಂತಿತು. ಅವನು ಬಗ್ಗಿ ನೋಡಿದ.

"ಜಾರು ಕಂಠಪೂರ್ತಿ ತುಂಬಿಸಿದೀಯ. ಮೋಟಾರು ಒದ್ದಾಡ್ತಿದೆ," ಎಂದು ಕೂತಲ್ಲಿಂದಲೇ ಕೂಗಿದ.

ಅವಳು ಮಗಳತ್ತ ನೋಡಿ ನಕ್ಕಳು. "ಕೇಳಿಸಲ್ಲ ಅಂತ ನೆಮ್ಮದಿಯಾಗಿ ತುಂಬ್ತಿದ್ದೆ ಕಣೆ. ಅದಕ್ಕೂ ಕಲ್ಲು ಹಾಕಿದೆಯಲ್ಲ."

ಅಂದಿನಿಂದ ಅವನು ಪರದೆಯ ಮುಂದೆಯೇ ಠಿಕಾಣಿ ಹೂಡಿದ. ಇಸ್ತ್ರಿಪೆಟ್ಟಿಗೆಯದು ಗೋಡೆಯಂತೆ ನೇರ ಏರಿಕೆ. ಬಟ್ಟೆ ಒಗೆಯುವ ಯಂತ್ರದ್ದು ಅತ್ತಿತ್ತ ಹೊರಳುವ ಗೆರೆ. ಪ್ರತಿಯೊಂದನ್ನೂ ಪೆನ್ಸಿಲಿನಲ್ಲಿ ಪುಸ್ತಕಕ್ಕೆ ಇಳಿಸಿದ.

ಎರಡು ತಿಂಗಳ ಬಳಿಕ ಒಂದು ಬೆಳಿಗ್ಗೆ ಫ್ರಿಜ್ಜಿನ ಗೆರೆ ಥಟ್ಟನೆ ಮೇಲೇರಿ, ಹತ್ತೇ ಸೆಕೆಂಡಿನಲ್ಲಿ ಕುಸಿಯಿತು. ನಾಲ್ಕು ನಿಮಿಷಕ್ಕೆ ಮತ್ತೆ ಹಾಗೆಯೇ. ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆದು, ಒಳಗೆಲ್ಲ ತಣ್ಣಗಿದೆ ಎಂದು ಅವನ ಕೈಹಿಡಿದು ಮುಟ್ಟಿಸಿ ತೋರಿಸಿದಳು.

"ಇನ್ನೂ ತಣ್ಣಗಿದೆ ಅಷ್ಟೇ. ಮೋಟಾರು ಏಳೋಕೆ ನೋಡ್ತಿದೆ, ಏಳೋಕಾಗ್ತಿಲ್ಲ."

ಪ್ಲಗ್ಗು ಕಿತ್ತು, ಫ್ರಿಜ್ಜನ್ನು ಮುಂದೆಳೆದು, ಹಿಂದೆ ಮೋಟಾರಿಗೆ ಅಂಟಿಕೊಂಡಿದ್ದ, ಅದನ್ನು ಚಾಲೂ ಮಾಡುವ ಸಣ್ಣ ರಿಲೇಯನ್ನು ಬಿಡಿಸಿದ. ಅಂಗೈಯಲ್ಲಿಟ್ಟು ಅಲ್ಲಾಡಿಸಿದಾಗ ಒಳಗೆ ಒಡೆದ ಚೂರು ಅಲುಗುವುದು ಬೆರಳಿಗೆ ತಿಳಿಯಿತು. ಹೊಸದು ತಂದು ಕೂರಿಸಿದ ಮೇಲೆ ಗೆರೆ ಒಮ್ಮೆ ಜಿಗಿದು, ಇಳಿದು, ಸಮನಾಗಿ ಸಾಗಿತು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಕಣ್ಣು ಒರೆಸಿಕೊಂಡು, "ಅಂಗಡಿ ಬೀಗದ ಕೈ ಎಲ್ಲಿಟ್ಟಿದೀಯ?" ಎಂದು ಹೆಂಡತಿಯನ್ನು ಕೇಳಿದ.

ಮುಂದಿನ ಸೋಮವಾರ ಕಂಪ್ಯೂಟರು ಅಂಗಡಿಯ ಮೇಜಿನ ಮೇಲೆ ಕೂತಿತು. ಆ ವಾರ ಬಂದ ಐದು ಮೋಟಾರುಗಳಲ್ಲಿ ಎರಡನ್ನು ಅವನು ತಪ್ಪಾಗಿ ಓದಿದ. ಎರಡನ್ನೂ ಮತ್ತೆ ಬಿಚ್ಚಿ, ದೋಷ ಹುಡುಕಿ, ಆ ಗೆರೆಗಳನ್ನೂ ಪುಸ್ತಕಕ್ಕೆ ಸೇರಿಸಿದ.