ಪಾವಡಿಯ ಮೇಲೊಂದು ರಸ್ತೆ

ಸೇಲಂನ ಆ ಕನ್ನಡ ನೇಕಾರರ ಬೀದಿಯಲ್ಲಿ ಚಿನ್ನತಾಯಿಯ ಬಾಯಿಗೆ ಹೆದರದವರಿರಲಿಲ್ಲ. ಗಂಡ ಹೋದ ಮೇಲೆ ಮಗ್ಗವನ್ನೂ ಮಗಳು ಜಯಪ್ರಿಯಾಳನ್ನೂ ಒಬ್ಬಳೇ ಸಂಭಾಳಿಸಿದವಳು. ಮೆತ್ತಗೆ ಮಾತಾಡಲು ಅವಳಿಗೆ ಪುರುಸೊತ್ತೆಲ್ಲಿತ್ತು? ಬೀದಿಯ ಪಕ್ಕದಲ್ಲೇ ಪಾವಡಿ, ಅಂದರೆ ಹಾಸುನೂಲನ್ನು ಉದ್ದಕ್ಕೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುವ ಬಯಲು. ಅದರ ನಡುವೆಯೇ ಹೊಸ ರಸ್ತೆ ಬರುತ್ತದಂತೆ ಎಂದು ಕೇಳಿದಾಗಿನಿಂದ ಅವಳು ಮನೆಮನೆಗೆ ಹೋಗಿ ಅದನ್ನು ಬೈಯುತ್ತಿದ್ದಳು.

ರಸ್ತೆ ಬೇಕೆನ್ನುವವಳು ಅವಳ ಮನೆಯಲ್ಲೇ ಇದ್ದಳು. ಜಯಪ್ರಿಯಾಗೆ ಮೆಟ್ಟೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಬೀದಿಗೆ ಬರುವ ಟೌನ್ ಬಸ್ಸು ಒಂದೇ. ಅದು ಹಳೆಯ ರಸ್ತೆಯಲ್ಲಿ ನಿಲ್ಲಿಸಿದ ಲಾರಿಗಳ ನಡುವೆ ಸಿಕ್ಕಿಕೊಂಡರೆ ಬಸ್ ಸ್ಟ್ಯಾಂಡಿನಲ್ಲಿ ಮೆಟ್ಟೂರಿನ ಬಸ್ಸು ತಪ್ಪಿತೆಂದೇ ಲೆಕ್ಕ. ಹೊಸ ರಸ್ತೆಯಾದರೆ ಆ ಕಾಟ ತಪ್ಪುತ್ತಿತ್ತು. ಇನ್ನೊಮ್ಮೆ ತಡವಾದರೆ ಬರಲೇಬೇಡ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ದೇವಸ್ಥಾನದ ಮುಂದೆ ಬೀದಿಯವರೆಲ್ಲ ಸೇರಿದರು. ರಸ್ತೆ ಇಲಾಖೆಯ ಇಂಜಿನಿಯರು ನಕ್ಷೆ ಬಿಚ್ಚುತ್ತಿದ್ದಂತೆ ಚಿನ್ನತಾಯಿ ಸೆರಗು ಸಿಕ್ಕಿಸಿ ಎದ್ದಳು.

"ಇರೋ ರೋಡಲ್ಲೇ ಇನ್ನೆರಡು ಬಸ್ಸು ಬಿಡಿ ಸಾರ್. ನಿಲ್ಸಿರೋ ಲಾರಿಗಳ್ನ ತೆಗ್ಸಿ. ನಮ್ ಬೀದಿಗೆ ಬೇಕಾಗಿರೋದು ಬಸ್ಸು."

ಬಸ್ಸು ಬೇರೆ ಇಲಾಖೆಯದು ಎಂದು ಇಂಜಿನಿಯರು ತಮಿಳಿನಲ್ಲಿ ನುಣುಚಿಕೊಂಡ.

ಜಯಪ್ರಿಯಾ ಹಿಂದಿನಿಂದ ಎದ್ದು ನಿಂತಳು. "ಆ ಬಸ್ಸು ಯಾವಾಗ ಬತ್ತೈತವ್ವಾ? ಅಲ್ಲೀಗಂಟ ನನ್ ಕೆಲ್ಸ ಇರ್ತೈತಾ?"

ಮಗಳೇ ಎದುರು ಮಾತಾಡಿದ್ದಕ್ಕೆ ಚಿನ್ನತಾಯಿಯ ಮುಖ ಬಿಸಿಯಾಯಿತು.

"ನಾಳೇನೇ ಡಿಪೋಗೆ ಓಗಾನ. ಬೀದಿಯೋರೆಲ್ಲಾ ಬತ್ತಾರೆ. ಏನಣ್ಣಾ?"

ಬೀದಿಯ ಹಿರಿಯ ಕುಪ್ಪಸ್ವಾಮಿ ಕೈಯೆತ್ತಿದ. ಅವನ ಹಿಂದೆ ಎಲ್ಲರ ಕೈಗಳೂ ಎದ್ದವು. ಬೀದಿಯವರಿಗೆ ರಸ್ತೆ ಬೇಡ, ಬಸ್ಸು ಬೇಕು ಎಂದು ಬರೆದುಕೊಂಡು ಇಂಜಿನಿಯರು ಹೊರಟ. ತಾಯಿಯ ಮಾತು ನಂಬಿ ಜಯಪ್ರಿಯಾ ಫೋನಿನಲ್ಲಿ ಬೈಸಿಕೊಂಡು ಒಂದು ದಿನದ ರಜೆ ಪಡೆದಳು.

ಮರುದಿನ ಬೆಳಿಗ್ಗೆ ನೋಡಿದರೆ ಪಾವಡಿಯ ತುಂಬ ಹಾಸುನೂಲು. ಎಲ್ಲರ ಕೈಯಲ್ಲೂ ಕುಂಚ.

"ಗಂಜಿ ಅಚ್ಚಿಬಿಟ್ಟಿವ್ನಿ ತಂಗೀ," ಎಂದ ಕುಪ್ಪಸ್ವಾಮಿ. "ಬಿಟ್ ಬಂದ್ರೆ ನೂಲೆಲ್ಲಾ ಅಂಟ್ಕಂತೈತೆ. ನೀನ್ ಓಗಿ, ನಾವೆಲ್ಲಾ ಇದ್ದೀವಿ ಅಂತ ಏಳು."

"ನಿನ್ನೆ ಗೊತ್ತಿರ್ಲಿಲ್ವೇನಣ್ಣಾ ಇದು?"

ಅವನು ನೂಲಿನ ಮೇಲೆ ಕುಂಚ ಎಳೆಯುತ್ತ ಮುಂದೆ ಸರಿದ. ಬಯಲು ಉಳಿದಾಯಿತು, ಇನ್ನು ಬಸ್ಸಿನ ಗೋಜು ಯಾರಿಗೆ ಬೇಕಿತ್ತು? ಚಿನ್ನತಾಯಿಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದವಳು ಮಗಳ ಮುಖ ನೋಡಿ ಸುಮ್ಮನಾದಳು. ಬಸ್ಸನ್ನು ಮುಂದಿಟ್ಟು ಬಯಲು ಉಳಿಸಿಕೊಂಡವರಲ್ಲಿ ತಾನೇ ಮೊದಲನೆಯವಳು ಎಂಬುದು ಅವಳಿಗೆ ಆಗ ಚುಚ್ಚಿತು. ನಾಚಿಕೆಯಾಯಿತು.

ಡಿಪೋದ ಅಧಿಕಾರಿ ಇವರಿಬ್ಬರನ್ನು ನೋಡಿ, ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಬಾಗಿಲಾಚೆ ಕಣ್ಣು ಹಾಯಿಸಿದ. ಬಸ್ಸು ಯಾರಿಗೆ ಬೇಕಮ್ಮ ಎಂದು ಕೇಳಿದ.

ಬೀದಿಗೆಲ್ಲ ಬೇಕು ಎನ್ನಬೇಕೆಂದು ಚಿನ್ನತಾಯಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದಳು. ಈಗ ಅದು ನಾಲಿಗೆಗೆ ಬರಲಿಲ್ಲ.

"ನನ್ ಮಗಳಿಗೆ ಸಾರ್," ಎಂದಳು. "ಬೇರೆ ಯಾರಿಗೂ ಬೇಡವಂತೆ."