ಡಾಬಕಾದ ಒಲೆಗಳನ್ನು ಎರಡು ಸಲ ಎಣಿಸಿದವರು

ಗ್ಯಾಸ್ ಸಿಲಿಂಡರಿಗೆ ಒಂಬೈನೂರರ ಹತ್ತಿರ. ಔರಾದಿನಿಂದ ಡಾಬಕಾಕ್ಕೆ ಅದನ್ನು ಆಟೊದಲ್ಲಿ ಹಾಕಿಕೊಂಡು ಬರಲು ಮತ್ತೆ ಅರವತ್ತು. ತರಲು ಹೋದವರ ಅಂದಿನ ಕೂಲಿ ಮುನ್ನೂರು ಖೋತಾ. ತೊಗರಿಕಟ್ಟಿಗೆ ಸ್ವಂತ ಹೊಲದ್ದಾದರೆ ಪುಕ್ಕಟೆ, ಮಂದಿಯ ಹೊಲದ್ದಾದರೆ ಹೊರೆಗೆ ಮೂವತ್ತು. ಬೆಂಕಿಪೆಟ್ಟಿಗೆ ಎರಡು ರೂಪಾಯಿ. ಡಾಬಕಾದ ಯಾವ ಹೆಂಗಸನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಈ ಲೆಕ್ಕ ಹೇಳುತ್ತಾಳೆ. ಮೊದಲ ಸಲ ಈ ಊರಿಗೆ ಬಂದಾಗ ಹೆಪ್ಸಿಬಾ ಇದನ್ನು ಯಾರನ್ನಾದರೂ ಕೇಳಿದ್ದರೆ ಈಗಿನ ಫಜೀತಿ ಇರುತ್ತಿರಲಿಲ್ಲ.

ಬೆಳಗಿನ ಐದೂಕಾಲು. ಔರಾದ ತಾಲ್ಲೂಕಿನ ಈ ಗಡಿ ಊರಿನ ನೀರಿನ ಟಾಕಿಯ ಮೂರನೇ ಮೆಟ್ಟಿಲ ಮೇಲೆ ಹೆಪ್ಸಿಬಾ ನಿಂತಿದ್ದಾರೆ. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ರಿಜಿಸ್ಟರು, ಕೈಯಲ್ಲಿ ಕೊಕ್ಕೆಯ ತೂಕದ ಕಾಂಟಾ. ಮನೆಗಳ ಮೇಲೆ ಇನ್ನೂ ಹೊಗೆ ಎದ್ದಿಲ್ಲ. ಒಲೆ ಹೊತ್ತುವ ಮೊದಲು ಕಟ್ಟಿಗೆ ತೂಗಬೇಕು, ಸಂಜೆ ಅಡುಗೆ ಮುಗಿದ ಮೇಲೆ ಉಳಿದದ್ದನ್ನು ಮತ್ತೆ ತೂಗಬೇಕು. ನಡುವೆ ಕರಗಿದ್ದೆಷ್ಟೋ ಅಷ್ಟು ಆ ಮನೆಯ ಹೊಗೆ. ಒಂದು ಬೆಳಿಗ್ಗೆಗೆ ಹನ್ನೆರಡು ಮನೆ. ಅದಕ್ಕಿಂತ ಹೆಚ್ಚು ಆಗುವುದಿಲ್ಲ, ಏಕೆಂದರೆ ಮೊದಲ ಬಾಗಿಲು ತಟ್ಟುವಷ್ಟರಲ್ಲಿ ಉಳಿದ ಮನೆಗಳಿಗೆ ಸುದ್ದಿ ಮುಟ್ಟಿರುತ್ತದೆ.

“ಒಲಿಬಾಯಿ ಬಂದಾಳ! ಕಟ್ಟಿಗಿ ಒಳಗ ಹಾಕ್ರಿ!” ಓಣಿಯ ತುದಿಯಿಂದ ಯಾರೋ ಕೂಗುತ್ತಾರೆ. ಒಲಿಬಾಯಿ ಎಂಬುದು ಹೆಪ್ಸಿಬಾಗೆ ಊರು ಇಟ್ಟ ಹೆಸರು.

ಮೊದಲ ಮನೆಯ ಬಾಗಿಲಲ್ಲಿ ಸುಭದ್ರಾಬಾಯಿ ಕೈ ಅಡ್ಡ ಇಟ್ಟು ನಿಂತಿದ್ದಾರೆ. ಕೈಗೆ ಹಿಟ್ಟು ಮೆತ್ತಿದೆ.

“ಇವತ್ತ ನಮ್ಮ ಮನ್ಯಾಗ ಎಲ್ಲಾರೂ ಉಪಾಸ ಇದೇವ್ರಿ. ಒಲಿ ಹಚ್ಚಾಂಗಿಲ್ಲ.”

“ಏಳು ಮಂದಿನೂ ಉಪಾಸ? ಮತ್ತ ಹಿಟ್ಟು ಯಾರ ಸಲುವಾಗಿ ನಾದೀರಿ?”

“ಎಮ್ಮಿಗಿ!”

“ಆಯ್ತಲ್ಲ, ಎಮ್ಮಿ ರೊಟ್ಟಿ ಸುಡೋ ಕಟ್ಟಿಗಿನೇ ತೂಗ್ತೇನಿ. ತರ್ರಿ ಹೊರಗ.”

ಸುಭದ್ರಾಬಾಯಿಗೆ ನಗು ತಡೆಯಲಾಗುವುದಿಲ್ಲ. ಹೊರೆ ಹೊರಗೆ ಬರುತ್ತದೆ. ಏಳು ಕಿಲೊ ಆರುನೂರು ಗ್ರಾಂ. ಹೆಪ್ಸಿಬಾ ಬರೆದುಕೊಳ್ಳುವಾಗ ನಗು ನಿಂತು, ದನಿ ತಗ್ಗುತ್ತದೆ. “ಒಲಿ ಹಚ್ಚಿದೋರಿಗಿ ಐನೂರು ಜುರ್ಮಾನಾ ಅಂತಾರಲ್ರಿ, ಖರೇ ಏನ್ರಿ? ನನ್ನ ಹೆಸರ ಬರೀಬ್ಯಾಡ್ರಿ ಬಾಯಿ.”

ಹೆಪ್ಸಿಬಾ ಹೆಸರು ಬರೆಯುತ್ತಾರೆ. ಫಾರಂ ಕೇಳುತ್ತದೆ, ಬರೆಯಲೇಬೇಕು. ದಂಡ ಇಲ್ಲ ಎಂದು ಹೇಳಿಬಿಡಬಹುದಿತ್ತು. ಹೇಳುವುದಿಲ್ಲ. “ನಾ ಹ್ಯಾಂಗ ಹೇಳ್ಲಿ? ಕಾನೂನು ಇನ್ನೂ ತಿದ್ದಲಿಕತ್ತಾರ. ತಿದ್ದೋರು ಬೆಂಗಳೂರಾಗ ಅದಾರ, ಬೈಸ್ಕೊಳ್ಳಾಕಿ ಇಲ್ಲಿ ನಾ ಇದ್ದೇನಿ,” ಎನ್ನುತ್ತಾರೆ ಮುಂದಿನ ಮನೆಗೆ ನಡೆಯುತ್ತ.

ನಲವತ್ತೇಳರ ಹೆಪ್ಸಿಬಾ ಬೀದರ ನಗರದ ಮೈಲೂರಿನವರು. ತಾಯಿ ಆನಂದಮ್ಮ ದವಾಖಾನೆಯಲ್ಲಿ ಆಯಾ ಆಗಿದ್ದವರು. ಪಿಯುಸಿ ಮುಗಿಸಿದ ಮಗಳಿಗೆ ಎಣಿಕೆಯ ಗುತ್ತಿಗೆ ಕೆಲಸ ಸಿಕ್ಕಿ ಹತ್ತೊಂಬತ್ತು ವರ್ಷವಾಯಿತು. ಈ ಜಿಲ್ಲೆಯ ಮನುಷ್ಯರನ್ನು ಎಣಿಸಿದ್ದಾರೆ, ಆಡು ಎಮ್ಮೆ ಎಣಿಸಿದ್ದಾರೆ, ಕೊಳವೆಬಾವಿ, ಪಾಯಖಾನೆ ಎಣಿಸಿದ್ದಾರೆ. ಗಂಡ ಡೇವಿಡ, ಬೀದರದ ಧಾನ್ಯದ ಪೇಟೆಯಾದ ಗಾಂಧಿ ಗಂಜಿನ ಅಡತಿ ಅಂಗಡಿಯೊಂದರಲ್ಲಿ ತೊಗರಿ ತೂಗುತ್ತಿದ್ದರು. ಮೊಣಕಾಲು ಕೈಕೊಟ್ಟು ನಾಲ್ಕು ವರ್ಷದಿಂದ ಮನೆಯಲ್ಲಿದ್ದಾರೆ. ತಿಂಗಳಿಗೆ ಹೆಂಡತಿಗೆ ಬರುವ ಹದಿಮೂರು ಸಾವಿರದಲ್ಲೇ ಮನೆ ನಡೆಯಬೇಕು. ಗುತ್ತಿಗೆ ಪ್ರತಿ ಏಪ್ರಿಲಿನಲ್ಲಿ ಹೊಸದಾಗುತ್ತದೆ. ಮಾರ್ಚ್ ಬಂತೆಂದರೆ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ.

ಒಲೆ ಎಣಿಸುವ ಕೆಲಸ ಬಂದದ್ದು ರಾಜ್ಯದ ಹವಾಮಾನ ಕಾನೂನಿನಿಂದ. ಹೊಗೆ ಇಂತಿಷ್ಟು ವರ್ಷದಲ್ಲಿ ಇಂತಿಷ್ಟು ಇಳಿಯಬೇಕು ಎಂದು ಆ ಕಾನೂನು ಗುರಿ ಹಾಕುತ್ತದೆ. ಇಳಿಯಬೇಕೆಂದರೆ ಮೊದಲು ಎಷ್ಟಿತ್ತು ಎಂದು ಗೊತ್ತಿರಬೇಕಲ್ಲ. ಕಾರ್ಖಾನೆ, ಲಾರಿಗಳದ್ದನ್ನು ಬೇರೆಯವರು ನೋಡಿಕೊಂಡರು. ಭಾಲ್ಕಿ ತಾಲ್ಲೂಕಿನ ಎರಡು ಊರು ಮತ್ತು ಡಾಬಕಾದ ಮನೆ ಹೊಗೆ ಹೆಪ್ಸಿಬಾ ಪಾಲಿಗೆ ಬಂತು. ಅದು ಎರಡು ವರ್ಷದ ಹಿಂದಿನ ಮಾತು. ಬೆಳಗಿನ ಬಸ್ಸು ಹಿಡಿದು, ಔರಾದಿನಲ್ಲಿ ಬದಲಿಸಿ, ಡಾಬಕಾ ಮುಟ್ಟುವಾಗ ಹನ್ನೊಂದು. ಹೋದ ಮನೆಯಲ್ಲೆಲ್ಲ ಬಾಗಿಲ ಎದುರಿಗೇ ಸಿಲಿಂಡರು, ಅದರ ಮೇಲೆ ಕುಂಕುಮ. ಕೂತ ಐದೇ ನಿಮಿಷದಲ್ಲಿ ಗ್ಯಾಸಿನ ಮೇಲೆ ಚಹಾ. ಕಣ್ಣಾರೆ ಕಂಡದ್ದನ್ನು ಹೆಪ್ಸಿಬಾ ಬರೆದರು. ಊರಿನ ಇನ್ನೂರ ಮೂವತ್ತೆಂಟು ಮನೆಗಳಲ್ಲಿ ಒಲೆ ಹಚ್ಚುವ ಮನೆ ಹತ್ತೊಂಬತ್ತು.

ಹೋದ ನವೆಂಬರಿನಲ್ಲಿ ಸಿಲಿಂಡರ್ ನಂಬರು ಸರಿನೋಡಲು ಡಾಬಕಾಕ್ಕೆ ಹೇಳದೆ ಕೇಳದೆ ಹೋದರು. ಕೌಸಲ್ಯಾಬಾಯಿಯ ಅಂಗಳಕ್ಕೆ ಕಾಲಿಟ್ಟಾಗ ಆಕೆ ಹಿತ್ತಲಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. “ಜೈಭೀಮ ಬಾಯಿ, ಕೂಡ್ರಿ ಕೂಡ್ರಿ” ಎಂದು ಎದ್ದು, ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಒಳಗೆ ಓಡಿ ಗ್ಯಾಸ್ ತಿರುವಿದರು. ಕಡ್ಡಿ ಗೀರಿದರು. ಹತ್ತಲಿಲ್ಲ. ಮತ್ತೊಂದು ಗೀರಿದರು. ಐದನೇ ಕಡ್ಡಿಗೆ ಹೆಪ್ಸಿಬಾ ಕೇಳಿದರು.

“ಖಾಲಿ ಆಗ್ಯಾದೇನ್ರಿ?”

“ಹಾಂ... ಈಗರೇ ಆಗಿರಬೇಕ್ರಿ.”

“ಈಗ ಅಂದ್ರ ಯಾವಾಗ?”

“ಗಣಪತಿ ಹಬ್ಬದಾಗ.” ಕೌಸಲ್ಯಾಬಾಯಿ ತಲೆ ತಗ್ಗಿಸಿದರು. “ಬೀಗರು, ನಿಮ್ಮಂಥ ಮೇಡಂದೋರು ಬಂದ್ರ ಚಹಾಕ್ಕ ಹಚ್ಚತೇವ್ರಿ. ಬಂದೋರಿಗಿ ಹೊಗೀಯಾಗ ಕೂಡಸ್ಲಿಕಿ ಆಗ್ತದೇನ್ರಿ? ನಮ್ಮ ರೊಟ್ಟಿಗಿ ಯಾರ ಸುಡ್ತಾರ ಗ್ಯಾಸ!”

ಹೆಪ್ಸಿಬಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಮರ್ಯಾದೆಯ ಚಹಾ ಎಷ್ಟು ಮನೆಯಲ್ಲಿ ಕುಡಿದಿದ್ದರೋ ಅಷ್ಟು ಮನೆಯ ಲೆಕ್ಕ ಸುಳ್ಳು. ಹನ್ನೊಂದಕ್ಕೆ ಹೋಗಿ ಆರಿದ ಒಲೆ ನೋಡಿದ್ದೂ ಸುಳ್ಳೇ. ಆ ರಾತ್ರಿ ಕೌಸಲ್ಯಾಬಾಯಿಯ ಮನೆಯಲ್ಲೇ ಉಳಿದು ನಸುಕಿನಲ್ಲಿ ಟಾಕಿಯ ಮೆಟ್ಟಿಲು ಹತ್ತಿದರು. ಓಣಿ ಓಣಿಯಿಂದ ಹೊಗೆ ಏಳುತ್ತಿತ್ತು. ನೂರಕ್ಕೆ ಎಣಿಕೆ ನಿಲ್ಲಿಸಿದರು. ಡಾಬಕಾದಲ್ಲಿ ಮಾತ್ರ ಹೀಗಾಗಿರಲಿ ಎಂಬ ಆಸೆಯಿಂದ ವಾರದೊಳಗೆ ಭಾಲ್ಕಿ ಕಡೆಯ ಎರಡು ಊರಿಗೂ ನಸುಕಿನಲ್ಲಿ ಹೋಗಿ ನೋಡಿದರು. ಅಲ್ಲೂ ಅದೇ ಹೊಗೆ.

ಅಷ್ಟರಲ್ಲಿ ಕಾನೂನು ತಿದ್ದುವ ಕೆಲಸ ಶುರುವಾಗಿತ್ತು. ಹೊಸ ಕರಡಿನಲ್ಲಿ ಈ ಊರುಗಳು ಹೊಗೆಯ ಒಲೆ ತೊರೆದ ಊರುಗಳೆಂದು ಸೇರಿದ್ದವು. ಅರ್ಧಕ್ಕಿಂತ ಹೆಚ್ಚು ಮನೆ ಒಲೆ ಹಚ್ಚುವ ಊರಿಗೆ ಮಾತ್ರ ಅಗ್ಗದ ಸಿಲಿಂಡರು. ಹತ್ತೊಂಬತ್ತು ಒಲೆಯ ಡಾಬಕಾಕ್ಕೆ ಏನೂ ಇಲ್ಲ. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ನಾಳೆ ಯಾರಾದರೂ ಬಂದು ನಿಜವಾದ ಹೊಗೆ ಅಳೆದರೆ, ಎರಡೇ ವರ್ಷದಲ್ಲಿ ಹತ್ತು ಪಟ್ಟು ಹೊಗೆ ಏರಿಸಿದ ಊರು ಎಂಬ ಆರೋಪ ರೊಟ್ಟಿ ಬಡಿಯುವ ಹೆಂಗಸರ ತಲೆಗೆ ಬರುತ್ತಿತ್ತು.

ಬೀದರದಲ್ಲಿ ಎಣಿಕೆಯ ಗುತ್ತಿಗೆ ಹಿಡಿದ ಸಂಸ್ಥೆಯ ಮೇಲ್ವಿಚಾರಕ ಸ್ವಪ್ನಿಲ ಎಲ್ಲವನ್ನೂ ಕೇಳಿ ಎದ್ದು ಬಾಗಿಲು ಮುಚ್ಚಿದರು. “ಅಕ್ಕಾ, ಈ ಮಾತ ಇಲ್ಲೇ ಬಿಡ್ರಿ. ಮತ್ತ ಎಣಿಸಬೇಕಂದ್ರ ಹಿಂದಿನ ಲೆಕ್ಕ ತಪ್ಪು ಅಂತ ನೀವ ಸಹಿ ಮಾಡಿ ಕೊಡಬೇಕು. ಸಹಿ ಮಾಡಿದ್ರ ಏಪ್ರಿಲ್ ಪಟ್ಟ್ಯಾಗ ನಿಮ್ಮ ಹೆಸರ ಇಡಾಕ ನನ್ನ ಕೈಲೆ ಆಗಂಗಿಲ್ಲ. ನಿಮ್ಮೊಬ್ಬರದೇ ತಪ್ಪೇನು? ಎಲ್ಲಾರೂ ಚಹಾ ಕುಡಿದೇ ಬಂದಾರ.”

ಹೆಪ್ಸಿಬಾ ಎಂಟು ದಿನ ಸಹಿ ಮಾಡಲಿಲ್ಲ. ಒಂಬತ್ತನೇ ದಿನ ಗಂಡನಿಗೆ ಹೇಳಿದರು. “ಗಂಜಿನ್ಯಾಗ ತೂಕ ತಪ್ಪಿದ್ರ ಅವತ್ತೇ ಹೇಳ್ತಿದ್ದಿವಿ. ನೀ ಆಗ್ಲೇ ಎಂಟು ದಿನ ತಡಾ ಮಾಡೀದಿ,” ಎಂದು ಡೇವಿಡ ಬೈದು, ಗೂಟಕ್ಕೆ ನೇತುಹಾಕಿದ್ದ ತಮ್ಮ ಹಳೆಯ ಕಾಂಟಾ ತೆಗೆದು ಕೊಟ್ಟರು. “ಹಸಿ ಕಟ್ಟಿಗಿ ತೂಗಬ್ಯಾಡ. ಅದು ಸುಳ್ಳ ಹೇಳ್ತದ.”

ಸಹಿಯಾಯಿತು. ಫೆಬ್ರವರಿ ಮೊದಲಲ್ಲಿ ಮರು ಎಣಿಕೆಗೆ ನಲವತ್ತೈದು ದಿನ ಸಿಕ್ಕವು. ಅಂದಿನಿಂದ ಯಾರ ಮನೆಯಲ್ಲೂ ಚಹಾ ಕುಡಿಯುವುದಿಲ್ಲ, ಬರುತ್ತೇನೆಂದು ಮುಂಚೆ ಹೇಳುವುದಿಲ್ಲ. ಹೆಂಗಸರಿಗೆ ಇದು ಸೊಕ್ಕಾಗಿ ಕಾಣುತ್ತದೆ. ಸಿಲಿಂಡರ್ ಕಸಿದುಕೊಳ್ಳಲು ಬಂದವಳು ಎಂದು ಕೆಲವರು, ಪೊಲೀಸರ ಕಡೆಯವಳು ಎಂದು ಕೆಲವರು. ಒಂದು ಓಣಿಯಲ್ಲಿ ನಾಯಿ ಬಿಟ್ಟರು. ಹೆಪ್ಸಿಬಾ ಅವರ ಅಂಜಿಕೆ ಮಾತ್ರ ಬೇರೆ. “ಮೊದಲ ಸುಳ್ಳ ಬರದಾಗ ಯಾರಿಗೂ ಏನೂ ಫಿಕರ್ ಇರ್ಲಿಲ್ರಿ. ಈಗ ಖರೇ ಬರೀಲಿಕತ್ತೇನಿ, ಹೆಸರು, ಮನಿ ನಂಬರ್ ಹಚ್ಚಿ. ನಾಳಿಗಿ ಇದೇ ಕಾಗದ ಹಿಡಕೊಂಡು ಯಾರರೇ ದಂಡ ಹಾಕ್ಲಿಕಿ ಬಂದ್ರ? ಸುಭದ್ರಾಬಾಯಿ ನನಗ ಏನಂತಾಳ?”

ಮಾರ್ಚ್ ಮೂರನೇ ವಾರ ಎಣಿಕೆ ಮುಗಿಯಿತು. ಮೂರೂ ಊರಿನ ಹಳೆಯ ಅಂಕಿ ತೆಗೆದು ಹೊಸದನ್ನು ಕರಡಿಗೆ ಸೇರಿಸಿದ್ದಾರೆ. ಡಾಬಕಾದಲ್ಲಿ ಒಲೆ ಹಚ್ಚುವ ಮನೆ ಇನ್ನೂರ ನಾಲ್ಕು. ಊರು ಅಗ್ಗದ ಸಿಲಿಂಡರಿನ ಪಟ್ಟಿಗೆ ಬಂದಿದೆ. ಸಿಲಿಂಡರು ಇನ್ನೂ ಬಂದಿಲ್ಲ. ದಂಡ ಹಾಕುತ್ತೇವೆಂದು ಕರಡಿನಲ್ಲಿ ಎಲ್ಲೂ ಇಲ್ಲ, ಹಾಕುವುದಿಲ್ಲವೆಂದೂ ಎಲ್ಲೂ ಬರೆದಿಲ್ಲ. ಏಪ್ರಿಲ್ ಪಟ್ಟಿ ಬಂದಿದೆ. ಹೆಪ್ಸಿಬಾ ಅವರ ಹೆಸರು ಅದರಲ್ಲಿಲ್ಲ.

“ಹತ್ತೊಂಬತ್ತು ವರ್ಷದ ಕೆಲಸ ಹೋಯ್ತು,” ಎನ್ನುತ್ತಾರೆ. “ಡಾಬಕಾದ್ದು ಇನ್ನೂರ ನಾಲ್ಕು ಬರೋಬ್ಬರಿ ಅದ. ಯಾರ ಬೇಕಾದೋರು ಹೋಗಿ ಎಣಿಸ್ಲಿ.”